ಗಿಣ್ಣು, ಒಳಲೆ ಮತ್ತು ಮೊದಲ ಮೂರು ದಿನ: ತಿಂಗಳು ತುಂಬದ ಕೂಸಿನ ಹಾಲಿನ ಚರಿತ್ರೆ, ತಾಳವಾಡಿ ಬೆಟ್ಟದಿಂದ ನೋಡಿದಾಗ

ಧ್ವನಿ ಕೇಳಿಸ್ತಿದೆ ಅಂದ್ಕೊಂಡಿದೀನಿ. ಮಳೆ ಬಂದ್ರೆ ನಮ್ಮೂರಲ್ಲಿ ನೆಟ್‌ವರ್ಕ್ ಹೋಗುತ್ತೆ, ನಡುವೆ ನಿಂತುಹೋದರೆ ದಯವಿಟ್ಟು ಹೇಳಿ. ಕನ್ನಡ ಎಂ.ಎ. ಓದುವ ಹುಡುಗಿ ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಆಹಾರದ ಬಗ್ಗೆ ಯಾಕೆ ಮಾತಾಡ್ತಾಳೆ ಅನ್ನೋ ಪ್ರಶ್ನೆ ಬಂದೇ ಬರುತ್ತೆ. ವಿಷಯ ಕೊಟ್ಟಾಗ ನಮ್ಮ ಮೇಡಂ ಕೂಡ ಕೇಳಿದ್ರು. ನನ್ನ ಉತ್ತರ ಸರಳ. ಈ ವಿಷಯಕ್ಕೆ ನಾನು ಒಂದು ಪದದ ಮೂಲಕ ಬಂದೆ. ಆ ಪದ ಗಿಣ್ಣು.

ಮೊದಲು ಆ ಪ್ರಸಂಗ ಹೇಳಿಬಿಡ್ತೀನಿ. ನಮ್ಮ ದೊಡ್ಡವ್ವನ ಮಗಳಿಗೆ, ಅಂದರೆ ನನ್ನ ಅಕ್ಕನಿಗೆ, ಮೂವತ್ತೆರಡನೇ ವಾರಕ್ಕೇ ನೋವು ಬಂತು. ಘಾಟಿ ಇಳಿದು ಕೆಳಗಿನ ಒಂದು ಆಸ್ಪತ್ರೆಗೆ ಸೇರಿಸಿದ್ವಿ. ಮಗು 1400 ಗ್ರಾಂ. ಅದನ್ನ ಗಾಜಿನ ಪೆಟ್ಟಿಗೆಗೆ ಹಾಕಿದರು, ಅಕ್ಕನನ್ನ ಬೇರೆ ವಾರ್ಡಿನಲ್ಲಿ ಮಲಗಿಸಿದರು. ರಾತ್ರಿ ನರ್ಸ್ ಬಂದು ತಮಿಳಿನಲ್ಲಿ ಏನೋ ಹೇಳಿ ಒಂದು ಸಣ್ಣ ಬಟ್ಟಲು ಕೊಟ್ಟು ಹೋದಳು. ಅಕ್ಕನಿಗೆ ತಮಿಳು ಬರಲ್ಲ ಅಂತಲ್ಲ. ಬಸ್ಸಿಗೆ, ರೇಷನ್ ಅಂಗಡಿಗೆ, ಸಂತೆಗೆ ಬೇಕಾದಷ್ಟು ತಮಿಳು ತಾಳವಾಡಿಯಲ್ಲಿ ಎಲ್ಲರಿಗೂ ಬರುತ್ತೆ. ಆದರೆ ನರ್ಸ್ ಹೇಳಿದ ಮಾತಿನಲ್ಲಿ ಮುಖ್ಯವಾದ ಪದ 'ಸೀಂಬಾಲ್'. ಅದು ಅಕ್ಕನಿಗೆ ಗೊತ್ತಿರಲಿಲ್ಲ. ಜೊತೆಗಿದ್ದ ಅಜ್ಜಿ ತನಗೆ ತಿಳಿದದ್ದನ್ನ ಮಾಡಿಸಿದಳು. ಹಳದಿಯಾಗಿ ಅಂಟಂಟಾಗಿ ಬಂದ ಮೊದಲ ಹಾಲನ್ನ ಹಿಂಡಿ ಚೆಲ್ಲಿಸಿದಳು. ಬೆಳಗ್ಗೆ ಕಸ ಗುಡಿಸೋಕೆ ಬಂದ ಆಯಾ ಒಬ್ಬರು, ಅವರೂ ನಮ್ಮ ಕಡೆಯವರೇ, ನೋಡಿ ತಲೆ ಚಚ್ಚಿಕೊಂಡರು. "ಅಯ್ಯೋ, ಅದು ಗಿಣ್ಣು ಕಣ್ರವ್ವ, ಅದ್ನೇ ಅವರು ಕೇಳ್ತಿರದು, ಚೆಲ್ಲಬ್ಯಾಡಿ."

ಒಂದು ರಾತ್ರಿಯ ಹಾಲು ಹೋಯಿತು. ಎಷ್ಟು? ಐದಾರು ಮಿಲಿಲೀಟರ್ ಇದ್ದೀತು. ಆದರೆ 1400 ಗ್ರಾಮಿನ ಮಗುವಿಗೆ ಮೊದಲ ದಿನ ಎರಡು ಗಂಟೆಗೊಮ್ಮೆ ಕೊಡೋದೇ ಸುಮಾರು 9 ಮಿಲಿಲೀಟರ್. ಆ ಲೆಕ್ಕದಲ್ಲಿ ಅದು ಸಣ್ಣ ನಷ್ಟ ಅಲ್ಲ. ಮಗು ಉಳಿಯಿತು, ಈಗ ಅಂಗನವಾಡಿಗೆ ಹೋಗ್ತಿದೆ, ಅದನ್ನೂ ಹೇಳಿಬಿಡ್ತೀನಿ, ಇಲ್ಲದಿದ್ರೆ ನೀವೆಲ್ಲ ಅದನ್ನೇ ಯೋಚಿಸ್ತಾ ಕೂತಿರ್ತೀರಿ.

ನಮ್ಮ ಪ್ರದೇಶ ಗೊತ್ತಿಲ್ಲದವರಿಗೆ ಎರಡು ಮಾತು. ತಾಳವಾಡಿ ಇರೋದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿ. ಡಾ. ರಾಜ್‌ಕುಮಾರ್ ಅವರ ಗಾಜನೂರು ಇಲ್ಲೇ ಅಂದರೆ ಕನ್ನಡದವರಿಗೆಲ್ಲ ಗೊತ್ತಾಗುತ್ತೆ. ಆಗ ಇದೆಲ್ಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆ. ಕೊಳ್ಳೇಗಾಲವೂ ಅದೇ ಜಿಲ್ಲೆಯಲ್ಲಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ತಾಳವಾಡಿ ಅಲ್ಲೇ ಉಳೀತು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆ ಆಯ್ತು, ಅದೇ ಈಗಿನ ಈರೋಡ್. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಂದ್ರೆ ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲ ದಾಟಬೇಕು. ಈ ಕಡೆ ಚಾಮರಾಜನಗರ ತೀರಾ ಹತ್ತಿರ, ಆದರೆ ಬೇರೆ ರಾಜ್ಯ. ಹುಲಿ ಸಂರಕ್ಷಿತ ಪ್ರದೇಶದ ಕಾರಣಕ್ಕೆ 2022ರಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ, ಆಂಬುಲೆನ್ಸಿಗೆ ವಿನಾಯಿತಿ. ಒಟ್ಟಿನಲ್ಲಿ ನಮ್ಮ ಹೆಂಗಸರ ಹೆರಿಗೆ ಕೆಳಗೆ ತಮಿಳಿನಲ್ಲಿ ಆಗುತ್ತೆ, ಇಲ್ಲಾ ಪಕ್ಕದ ರಾಜ್ಯದಲ್ಲಿ ಕನ್ನಡದಲ್ಲಿ ಆಗುತ್ತೆ. ಬಾಣಂತನ ಮಾತ್ರ ಯಾವಾಗಲೂ ಅಜ್ಜಿಯ ಭಾಷೆಯಲ್ಲಿ.

ಈಗ ಗಿಣ್ಣಿಗೆ ಬರೋಣ. ನಮ್ಮ ಮನೆಗಳಲ್ಲಿ ಹಸು ಕರು ಹಾಕಿದರೆ ಗಿಣ್ಣು ಕಾಯಿಸ್ತೀವಿ. ಬೆಲ್ಲ ಏಲಕ್ಕಿ ಹಾಕಿ, ಬಟ್ಟಲಿಗೆ ಹಾಕಿ ಅಕ್ಕಪಕ್ಕದ ಮನೆಗೆಲ್ಲ ಹಂಚ್ತೀವಿ. ಕರುವಿಗೂ ಅದನ್ನೇ ಮೊದಲು ಕುಡಿಸ್ತೀವಿ, ಇಲ್ಲದಿದ್ರೆ ಕರು ನಿಲ್ಲಲ್ಲ ಅಂತ ದನ ಕಾಯೋ ಹುಡುಗರಿಗೂ ಗೊತ್ತು. ಅದೇ ಮನೆಯಲ್ಲಿ ಹೆತ್ತ ಹೆಣ್ಣಿನ ಗಿಣ್ಣು 'ಕೆಟ್ಟ ಹಾಲು', 'ಹಳೇ ಹಾಲು', ಮಗುವಿಗೆ ಅರಗಲ್ಲ, ಚೆಲ್ಲಬೇಕು. ಮೂರು ದಿನ ಸಕ್ಕರೆ ನೀರೋ, ಜೇನುತುಪ್ಪವೋ, ಹರಳೆಣ್ಣೆಯೋ. ಹಟ್ಟಿಯಲ್ಲಿ ಇದ್ದ ತಿಳಿವಳಿಕೆ ಹತ್ತು ಹೆಜ್ಜೆ ಆಚೆಯ ಬಾಣಂತಿ ಕೋಣೆಗೆ ಯಾಕೆ ಬರಲಿಲ್ಲ ಅನ್ನೋದು ನನಗೆ ಬಹಳ ದಿನ ಕಾಡಿದ ಪ್ರಶ್ನೆ.

ಇದು ಬರೀ ಹಳ್ಳಿಯ ಮೂಢನಂಬಿಕೆ ಅಂತ ಹೇಳಿ ಮುಂದೆ ಹೋಗೋದು ಸುಲಭ. ಆದರೆ ಅದಕ್ಕೆ ಶಾಸ್ತ್ರದ ಆಧಾರವೇ ಇತ್ತು. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಹೆತ್ತ ಮೂರು ನಾಲ್ಕು ರಾತ್ರಿಯ ಮೇಲೆ ಹಾಲಿನ ನಾಳಗಳು ತೆರೆದುಕೊಳ್ಳುತ್ತವೆ ಅನ್ನುವ ವಿವರಣೆ ಇದೆ. ಅಲ್ಲಿಯವರೆಗೆ ಜೇನು, ತುಪ್ಪ ಮತ್ತು ಗಿಡಮೂಲಿಕೆ ಕೊಡಬೇಕು ಅಂತ ವಿಧಿ. ರೋಮಿನಲ್ಲಿ ವೈದ್ಯನಾಗಿದ್ದ ಸೊರಾನಸ್ ಕೂಡ ಮೊದಲ ಹಾಲು ಬೇಡ ಅಂದವನೇ. ಯುರೋಪಿನಲ್ಲಿ ಈ ನಂಬಿಕೆ ನೂರಾರು ವರ್ಷ ನಡೆಯಿತು. ಅಂದರೆ ನಮ್ಮಜ್ಜಿ ಹೇಳಿದ್ದು ಅವಳೊಬ್ಬಳ ಮಾತಲ್ಲ. ಎರಡು ಸಾವಿರ ವರ್ಷ ಹಳೆಯ ವೈದ್ಯ ಮಾತು ಅವಳ ಬಾಯಲ್ಲಿ ಉಳಿದಿತ್ತು ಅಷ್ಟೆ.

ತಿಂಗಳು ತುಂಬಿ ಹುಟ್ಟಿದ ಮಗು ಈ ಮೂರು ದಿನವನ್ನ ಹೇಗೋ ದಾಟಿಬಿಡಬಹುದು. ಅದರ ಮೈಯಲ್ಲಿ ಕೊಬ್ಬಿರುತ್ತೆ, ಯಕೃತ್ತಿನಲ್ಲಿ ಸಕ್ಕರೆಯ ದಾಸ್ತಾನು ಇರುತ್ತೆ. ಇವೆರಡೂ ಸೇರೋದು ಬಸಿರಿನ ಕೊನೆಯ ತಿಂಗಳುಗಳಲ್ಲಿ. ಏಳು ತಿಂಗಳಿಗೆ ಬಂದ ಕೂಸು ಬುತ್ತಿ ಕಟ್ಟಿಕೊಳ್ಳದೇ ಹೊರಟ ಹಾಗೆ. ಹಾಲು ಸಿಗದೇ ಹೋದರೆ ಕೆಲವೇ ಗಂಟೆಯಲ್ಲಿ ರಕ್ತದ ಸಕ್ಕರೆ ಇಳಿಯುತ್ತೆ, ಮೈ ತಣ್ಣಗಾಗುತ್ತೆ, ಮಿದುಳಿಗೆ ಪೆಟ್ಟು ಬೀಳುತ್ತೆ. 37 ವಾರ ತುಂಬುವ ಮೊದಲು ಹುಟ್ಟಿದ್ದನ್ನ ಅವಧಿಪೂರ್ವ ಅಂತಾರೆ. 2020ರಲ್ಲಿ ಪ್ರಪಂಚದಲ್ಲಿ ಅಂಥ ಮಕ್ಕಳು ಅಂದಾಜು 1 ಕೋಟಿ 34 ಲಕ್ಷ, ಅದರಲ್ಲಿ ಸುಮಾರು 30 ಲಕ್ಷ ಭಾರತದಲ್ಲೇ. ಇಷ್ಟು ಮಕ್ಕಳಿಗೆ ಮೊದಲ ಮೂರು ದಿನದ ಪ್ರಶ್ನೆ ನೇರವಾಗಿ ಜೀವದ ಪ್ರಶ್ನೆ.

ಇಲ್ಲಿ ಒಂದು ಅಡ್ಡಮಾತು. ನಾನು ಈ ವಿಷಯ ತಗೊಂಡಿದೀನಿ ಅಂದ ತಕ್ಷಣ ಇಬ್ಬರು ಮೂವರು ಗಾಂಧಾರಿಯ ಕಥೆ ನೆನಪಿಸಿದರು. ಮಾಂಸದ ಮುದ್ದೆಯನ್ನ ತುಪ್ಪದ ಕೊಡಗಳಲ್ಲಿಟ್ಟು ಕೌರವರು ಹುಟ್ಟಿದರಲ್ಲ, ಅದೇ ಜಗತ್ತಿನ ಮೊದಲ ಇನ್‌ಕ್ಯುಬೇಟರ್ ಅಂತ. ನಾನು ಆ ದಾರಿಗೆ ಹೋಗಲ್ಲ. ಗಾಂಧಾರಿಯದು ಎರಡು ವರ್ಷದ ಬಸಿರು. ಅವಧಿಗೆ ಮುಂಚಿನ ಕಥೆಯಲ್ಲ ಅದು, ಅವಧಿ ಮೀರಿದ ಕಥೆ. ಕಾವ್ಯವನ್ನ ಕಾವ್ಯವಾಗಿ ಓದೋಣ.

ಇನ್ನು ಆಸ್ಪತ್ರೆಯ ಕಡೆಯ ಚರಿತ್ರೆ. ನಾನು ಓದೋಕೆ ಶುರು ಮಾಡಿದಾಗ ಅಜ್ಜಿ ತಪ್ಪು, ಆಸ್ಪತ್ರೆ ಸರಿ ಅನ್ನೋ ನೇರವಾದ ಕಥೆ ಸಿಗುತ್ತೆ ಅಂದ್ಕೊಂಡಿದ್ದೆ. ಶುರು ಹಾಗೇ ಇದೆ. ಪ್ಯಾರಿಸ್ಸಿನ ಹೆರಿಗೆ ಆಸ್ಪತ್ರೆಯಲ್ಲಿ ಸ್ಟೆಫಾನ್ ಟಾರ್ನಿಯೇ ಅನ್ನುವ ವೈದ್ಯ ಪ್ರಾಣಿಸಂಗ್ರಹಾಲಯದಲ್ಲಿ ಕೋಳಿಮರಿ ಮಾಡಿಸುವ ಕಾವುಪೆಟ್ಟಿಗೆ ನೋಡಿ, ಅದರ ಮಾದರಿಯಲ್ಲಿ 1880ರ ಹೊತ್ತಿಗೆ ಮಕ್ಕಳಿಗೆ ಪೆಟ್ಟಿಗೆ ಮಾಡಿಸಿದ. ಆದರೆ ಬೆಚ್ಚಗಿಟ್ಟರೆ ಸಾಲದು, ಹೀರೋ ಶಕ್ತಿಯಿಲ್ಲದ ಮಗುವಿಗೆ ಹಾಲು ತಲುಪಿಸೋದು ಹೇಗೆ? ಸಣ್ಣ ರಬ್ಬರ್ ಕೊಳವೆಯನ್ನ ಬಾಯಿಂದ ಹೊಟ್ಟೆಗೆ ಇಳಿಸಿ ಹಾಲು ಬಿಡುವ ಕ್ರಮವನ್ನೂ ಅವನೇ ಚಾಲ್ತಿಗೆ ತಂದ. ಅವನ ಶಿಷ್ಯ ಪಿಯರ್ ಬುದ್ಯಾಂ ಇನ್ನೊಂದು ಹೆಜ್ಜೆ ಮುಂದೆ ಹೋದ. 1900ರಲ್ಲಿ ಬಂದ ಅವನ ಪುಸ್ತಕದಲ್ಲಿ ತಾಯಿಯನ್ನ ಮಗುವಿನ ಹತ್ತಿರ ಇರಿಸಿಕೊಳ್ಳಬೇಕು, ತಾಯಿಯ ಹಾಲೇ ಕೊಡಬೇಕು ಅನ್ನೋದರ ಮೇಲೆ ಒತ್ತು ಇದೆ. ಪೆಟ್ಟಿಗೆ ಒಳಗಿನ ಮಗುವನ್ನ ತಾಯಿ ನೋಡಲಿ ಅಂತಲೇ ಗಾಜು.

ಇಷ್ಟು ತಿಳಿದಿದ್ದ ವೈದ್ಯಶಾಸ್ತ್ರ ಐವತ್ತು ವರ್ಷದೊಳಗೆ ಹಿಂದಕ್ಕೆ ಹೋಯಿತು ಅಂದರೆ ನಂಬ್ತೀರಾ? 1940, 50ರ ದಶಕಗಳಲ್ಲಿ ಇಂಗ್ಲೆಂಡ್, ಅಮೆರಿಕದ ಆಸ್ಪತ್ರೆಗಳಲ್ಲಿ ತಿಂಗಳು ತುಂಬದ ಮಕ್ಕಳಿಗೆ ಹುಟ್ಟಿದ ಒಂದು ದಿನ, ಎರಡು ದಿನ, ಮೂರು ದಿನ ಏನನ್ನೂ ಕೊಡದೇ ಇಡುವುದು ಪದ್ಧತಿಯಾಯಿತು. ಹಾಲು ಕೊಟ್ಟರೆ ಅದು ಶ್ವಾಸಕೋಶಕ್ಕೆ ಹೋಗಿ ಮಗು ಉಸಿರುಕಟ್ಟಿ ಸಾಯುತ್ತೆ ಅನ್ನೋ ಭಯ ಇದಕ್ಕೆ ಕಾರಣ. ಆ ಭಯ ಸುಳ್ಳೂ ಅಲ್ಲ. ಹಾಗೆ ಸತ್ತ ಮಕ್ಕಳನ್ನ ವೈದ್ಯರು ಕಣ್ಣಾರೆ ಕಂಡಿದ್ದರು. ಮಕ್ಕಳ ಮೈಯಲ್ಲಿ ನೀರು ತುಂಬಿಕೊಂಡಂತೆ ಕಾಣೋದು, ಉಪವಾಸವಿಟ್ಟರೆ ಅದು ಇಳಿಯುತ್ತೆ ಅನ್ನೋ ಎಣಿಕೆಯೂ ಇತ್ತು. 1950ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಗೇಸ್‌ಫರ್ಡ್ ಮತ್ತು ಸ್ಕೋಫೀಲ್ಡ್ ಅನ್ನುವವರ ಲೇಖನ ಬಂತು. ಅವಧಿಪೂರ್ವ ಶಿಶುಗಳ ಆರಂಭದ ಉಪವಾಸವನ್ನ ಇನ್ನಷ್ಟು ದಿನ ಮುಂದುವರಿಸುವುದರ ಬಗ್ಗೆ ಆ ಲೇಖನ. ಶೀರ್ಷಿಕೆಯಲ್ಲೇ ಉಪವಾಸ ಅನ್ನೋ ಅರ್ಥದ ಪದ ಇದೆ, ಮುಚ್ಚುಮರೆ ಇಲ್ಲ.

ನಾನು ಇಲ್ಲಿ ಓದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ತಾಳವಾಡಿಯ ಬಾಣಂತಿ ಕೋಣೆಯಲ್ಲಿ ಮೂರು ದಿನ. ಮ್ಯಾಂಚೆಸ್ಟರಿನ ವಾರ್ಡಿನಲ್ಲಿ ಮೂರು ದಿನ. ಕಾರಣ ಬೇರೆ, ಭಾಷೆ ಬೇರೆ, ಉದ್ದೇಶ ಎರಡು ಕಡೆಯೂ ಒಂದೇ, ಮಗು ಉಳಿಯಲಿ ಅಂತ. ಹಾಲು ತಡವಾಗಿದ್ದೂ ಎರಡು ಕಡೆ ಒಂದೇ. ಈ ಪ್ರಬಂಧದಲ್ಲಿ ನಾನು ಹೇಳಬೇಕಾಗಿರೋದು ಮುಖ್ಯವಾಗಿ ಇದನ್ನೇ. ಈ ಚರಿತ್ರೆಯನ್ನ ಮನೆ ಮತ್ತು ಆಸ್ಪತ್ರೆ ನಡುವಿನ ಜಗಳವಾಗಿ ಓದೋಕಿಂತ, ಕಾಯಿಸಿದವರು ಮತ್ತು ಕಾಯಿಸದೇ ಕೊಟ್ಟವರ ಚರಿತ್ರೆಯಾಗಿ ಓದಿದರೆ ಹೆಚ್ಚು ಸರಿ. ಇಬ್ಬರೂ ಎರಡೂ ಕಡೆ ಇದ್ದರು.

ಆಸ್ಪತ್ರೆಯ ಕಡೆ ಇದು ಬದಲಾಗಿದ್ದು 1960ರ ದಶಕದಲ್ಲಿ. ಉಪವಾಸವಿಟ್ಟ ಮಕ್ಕಳಲ್ಲಿ ರಕ್ತದ ಸಕ್ಕರೆ ಇಳಿಯೋದು, ಕಾಮಾಲೆ ಏರೋದು, ಬದುಕಿದವರಲ್ಲಿ ಕೆಲವರಿಗೆ ಕಾಲು ಸೆಟೆದುಕೊಳ್ಳುವ ಅಂಗವೈಕಲ್ಯ ಕಾಣೋದು, ಇವೆಲ್ಲ ಗಮನಕ್ಕೆ ಬರ್ತಾ ಹೋಯ್ತು. 1964ರಲ್ಲಿ ಆಕ್ಸ್‌ಫರ್ಡಿನ ವಿಕ್ಟೋರಿಯಾ ಸ್ಮಾಲ್‌ಪೀಸ್ ಮತ್ತು ಪಮೇಲಾ ಡೇವಿಸ್ ಅನ್ನೋ ಇಬ್ಬರು ವೈದ್ಯೆಯರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಅನುಭವ ಬರೆದರು. ಹುಟ್ಟಿದ ಕೂಡಲೇ, ನೀರು ಬೆರೆಸದ ಎದೆಹಾಲನ್ನ ಕೊಳವೆಯ ಮೂಲಕ ಕೊಟ್ಟರೆ ಮಕ್ಕಳು ತಡೆದುಕೊಳ್ಳುತ್ತವೆ, ಸಕ್ಕರೆ ಇಳಿಯಲ್ಲ, ತೂಕ ಬೇಗ ಹಿಂದಕ್ಕೆ ಬರುತ್ತೆ. ಆಮೇಲೆ ನಿಧಾನವಾಗಿ ಪದ್ಧತಿ ತಿರುಗಿತು.

ಈಗ ಭಾರತಕ್ಕೆ ಬರ್ತೀನಿ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ಡಾ. ಇಂದಿರಾ ನಾರಾಯಣನ್ ಅವರ ತಂಡ ಕಡಿಮೆ ತೂಕದ ಮಕ್ಕಳಿಗೆ ಹಿಂಡಿದ ತಾಯಿಹಾಲು ಕೊಟ್ಟು ಸೋಂಕು ಎಷ್ಟು ಕಡಿಮೆಯಾಗುತ್ತೆ ಅಂತ ಪರೀಕ್ಷಿಸಿತು. ಅದರ ಫಲಿತಾಂಶ 1980ರಲ್ಲಿ, ಮತ್ತೆ 1984ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬಂತು. ಒಂದಿಷ್ಟಾದರೂ ತಾಯಿಹಾಲು ಸೇರಿದರೆ ಸೋಂಕು ಇಳಿಯುತ್ತೆ ಅನ್ನೋದು ಅದರ ತಿರುಳು. 1989ರ ನವೆಂಬರಿನಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ತಾಯಿಹಾಲಿನ ಬ್ಯಾಂಕ್ ತೆರೆದರು, ಏಷ್ಯಾದಲ್ಲೇ ಮೊದಲನೆಯದು. 1990ರಲ್ಲಿ ಇಂಗ್ಲೆಂಡಿನ ಲೂಕಸ್ ಮತ್ತು ಕೋಲ್ 926 ಅವಧಿಪೂರ್ವ ಶಿಶುಗಳನ್ನ ಗಮನಿಸಿ, ಬರೀ ಪುಡಿಹಾಲು ಕುಡಿದವುಗಳಲ್ಲಿ ಕರುಳು ಕೊಳೆಯುವ ಕಾಯಿಲೆ ಬರೀ ತಾಯಿಹಾಲು ಕುಡಿದವುಗಳಿಗಿಂತ ಆರರಿಂದ ಹತ್ತು ಪಟ್ಟು ಹೆಚ್ಚು ಅಂತ ತೋರಿಸಿದರು. ಆಕ್ಸ್‌ಫರ್ಡ್, ದೆಹಲಿ, ಮುಂಬೈ, ಈ ಮೂರೂ ಕಡೆ ಮುಂದೆ ನಿಂತವರು ಹೆಣ್ಣುಮಕ್ಕಳು ಅನ್ನೋದನ್ನ ಗುರುತಿಸ್ತೀನಿ. ಅದರಿಂದ ದೊಡ್ಡ ಸಿದ್ಧಾಂತ ಕಟ್ಟೋಕೆ ಹೋಗಲ್ಲ.

ಪುಡಿಹಾಲು ಅಂದೆ. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಪಕ್ಕದ ಮೈಸೂರಿನಲ್ಲೇ ಇದೆ. 1950ರಲ್ಲಿ ಚೆಲುವಾಂಬ ಮ್ಯಾನ್ಶನ್‌ನಲ್ಲಿ ಶುರುವಾದ ಸಿ.ಎಫ್.ಟಿ.ಆರ್.ಐ.ನ ವಿಜ್ಞಾನಿಗಳು ಎಮ್ಮೆ ಹಾಲಿನಿಂದ ಮಕ್ಕಳ ಆಹಾರದ ಪುಡಿ ಮಾಡುವ ವಿಧಾನ ಕಂಡುಹಿಡಿದರು. ಎಮ್ಮೆ ಹಾಲಿನ ಕೊಬ್ಬು, ಗಟ್ಟಿ ಮೊಸರಿನ ಗುಣ ಎರಡನ್ನೂ ತಗ್ಗಿಸಬೇಕಿತ್ತು. ಹೊರದೇಶದ ಡಬ್ಬಿಗೆ ಕೈ ಚಾಚುತ್ತಿದ್ದ ದೇಶಕ್ಕೆ ಅದು ದೊಡ್ಡ ಸಾಧನೆ. ಅದನ್ನೇ ಅಮುಲ್ ಡಬ್ಬಿಗೆ ತುಂಬಿ ಮಾರಿತು. ನಾನು ಆ ವಿಜ್ಞಾನಿಗಳನ್ನ ದೂರಲ್ಲ. ತಾಯಿ ತೀರಿಹೋದ ಮಗುವಿಗೆ ಏನಾದರೂ ಬೇಕಲ್ಲ. ಆದರೆ ಡಬ್ಬಿ ಹಳ್ಳಿಗೆ ಬಂದಾಗ ಜೊತೆಗೆ ಬಾಟಲಿಯೂ ಬಂತು. ಡಬ್ಬಿ ದುಬಾರಿ, ಹಾಗಾಗಿ ಪುಡಿ ಕಡಿಮೆ ನೀರು ಜಾಸ್ತಿ. ಬಾಟಲಿ ಕುದಿಸೋಕೆ ಸೌದೆ ಬೇಕು, ಹಾಗಾಗಿ ಬರೀ ತೊಳೆಯೋದು. ಭೇದಿ ಶುರುವಾಗೋದು ಅಲ್ಲಿಂದ. 1992ರಲ್ಲಿ ಶಿಶು ಹಾಲಿನ ಬದಲಿಗಳ ಕಾಯ್ದೆ ಬಂದು ಇವುಗಳ ಜಾಹೀರಾತು ನಿಂತಿತು, 2003ರ ತಿದ್ದುಪಡಿ ಅದನ್ನ ಇನ್ನೂ ಬಿಗಿ ಮಾಡಿತು.

ಬಾಟಲಿಯ ಮಾತು ಬಂದದ್ದರಿಂದ ಒಳಲೆಗೆ ಹೋಗಬಹುದು. ನನ್ನ ಮಟ್ಟಿಗೆ ಈ ಚರಿತ್ರೆಯ ನಾಯಕ ಅದೇ. ನಗರದಲ್ಲಿ ಬೆಳೆದವರಿಗೆ ಹೇಳ್ತೀನಿ: ಅಂಗೈಯಗಲದ, ಆಳವಿಲ್ಲದ ಸಣ್ಣ ಬಟ್ಟಲು, ಒಂದು ಕಡೆ ಉದ್ದಕ್ಕೆ ಚಾಚಿದ ಕೊಕ್ಕು. ಬೆಳ್ಳಿಯದು, ಹಿತ್ತಾಳೆಯದು, ಈಗ ಸ್ಟೀಲಿನದು. ಶಂಖದಲ್ಲಿ ಕುಡಿಸುವ ರೂಢಿಯೂ ಇತ್ತು. ನಮ್ಮಜ್ಜಿ ಬಾಯಲ್ಲಿ ಒಳಲೆ ಅಲ್ಲ, 'ಒಳ್ಳ'. 'ಒಳ್ಳೆ' ಅನ್ನೋ ರೂಪವೂ ಇದೆ. ನೀರಿನಲ್ಲಿರೋ ಹಾವಿಗೂ ಒಳ್ಳೆ, ಒಳ್ಳೆಯದಕ್ಕೂ ಒಳ್ಳೆ, ಹಾಲು ಕುಡಿಸೋದಕ್ಕೂ ಒಳ್ಳೆ. ಭಾಷಾವಿಜ್ಞಾನದ ಸರ್ ಇದ್ದಾರೆ, ಅವರು ಆಮೇಲೆ ನನ್ನ ತಿದ್ದಬಹುದು. ತಮಿಳಿನಲ್ಲಿ ಇದು ಪಾಲಾಡೈ. ಪಾಲ್ ಅಂದರೆ ಹಾಲು, ಹಳಗನ್ನಡದಲ್ಲಿ ನಮ್ಮದೂ ಪಾಲೇ. ಹೆಸರು ಬೇರೆ ಅನ್ನಿಸಿದರೂ ಅರ್ಧ ಪದ ನಮ್ಮದೇ.

ವಿಚಿತ್ರ ಏನಂದ್ರೆ, ಇಂಗ್ಲಿಷಿನ ವೈದ್ಯ ಪತ್ರಿಕೆಗಳಲ್ಲಿ ಈಗ 'ಪಾಲಾಡೈ' ಅನ್ನೋದೇ ಪಾರಿಭಾಷಿಕ ಪದ. ಯಾಕೆ ಬೇಕಾಯ್ತು ಅಂದರೆ, ಹೀರೋದು, ನುಂಗೋದು, ಉಸಿರಾಡೋದು ಮೂರೂ ಒಂದು ಲಯಕ್ಕೆ ಬರೋದು ಸುಮಾರು 34ನೇ ವಾರಕ್ಕೆ. ಅದಕ್ಕಿಂತ ಮುಂಚೆ ಹುಟ್ಟಿದ ಮಗು ಮೊಲೆಗೆ ಬಾಯಿ ಹಾಕಿದರೂ ಹೊಟ್ಟೆ ತುಂಬಾ ಎಳೆಯಲಾರದು. ತೀರಾ ಚಿಕ್ಕದಕ್ಕೆ ಕೊಳವೆ ಬೇಕು. 32ರಿಂದ 34 ವಾರದ ನಡುವಿನದು ನುಂಗಬಲ್ಲದು, ಆದರೆ ಹೀರಲಾರದು. ಆ ಎರಡು ವಾರದ ಸೇತುವೆ ಒಳಲೆ. 1999ರಲ್ಲಿ ಇಂದಿರಾ ನಾರಾಯಣನ್ ಅವರೂ ಸೇರಿ ಬರೆದ ಒಂದು ಅಧ್ಯಯನದಲ್ಲಿ ಒಳಲೆ, ಕಪ್ಪು, ಬಾಟಲಿ ಮೂರನ್ನೂ ಹೋಲಿಸಿದರು. ಒಳಲೆಯಲ್ಲಿ ಮಕ್ಕಳು ಹೆಚ್ಚು ಹಾಲನ್ನ ಕಡಿಮೆ ಹೊತ್ತಿನಲ್ಲಿ, ಶಾಂತವಾಗಿ ಕುಡಿದವು. ಆದರೆ 2007ರಲ್ಲಿ ಇಂಗ್ಲೆಂಡಿನಿಂದ ಬಂದ ಅಧ್ಯಯನ ಇದಕ್ಕೆ ತದ್ವಿರುದ್ಧ. ಅಲ್ಲಿ ಒಳಲೆಯಲ್ಲಿ ಹೊತ್ತು ಹೆಚ್ಚು ಹಿಡಿಯಿತು, ಹಾಲು ಹೆಚ್ಚು ಚೆಲ್ಲಿತು, ಮಕ್ಕಳು ಕಷ್ಟಪಟ್ಟವು. ನಮ್ಮದು ಅಂತ ಬರೀ ಮೊದಲನೆಯದನ್ನ ಹೇಳಿ ಎರಡನೆಯದನ್ನ ಮುಚ್ಚಿಡೋದು ಸರಿಯಲ್ಲ. ನನ್ನ ಊಹೆ ಇಷ್ಟೇ: ಪಾತ್ರೆ ಅದೇ, ಹಿಡಿದ ಕೈ ಬೇರೆ.

ಕೈಯ ವಿಷಯದಲ್ಲಿ ನಮ್ಮ ಅಜ್ಜಿಯರೂ ಯಾವಾಗಲೂ ಸರಿಯಿರಲಿಲ್ಲ. ಕೂಸನ್ನ ಚಾಚಿದ ಕಾಲ ಮೇಲೆ ಅಂಗಾತ ಮಲಗಿಸಿ, ಕೆನ್ನೆ ಒತ್ತಿ ಬಾಯಿ ತೆರೆಸಿ, ಹರಳೆಣ್ಣೆಯನ್ನೋ ಹಾಲನ್ನೋ ಸುರಿಯೋದನ್ನ ನಾನೇ ನೋಡಿದೀನಿ. ಅದು ಶ್ವಾಸಕ್ಕೆ ಹೋಗುತ್ತೆ. 1950ರ ಇಂಗ್ಲಿಷ್ ವೈದ್ಯರು ಹೆದರಿದ್ದು ಇದಕ್ಕೇ. ಈಗ ಕಲಿಸೋ ಕ್ರಮ ಬೇರೆ: ಮಗುವನ್ನ ಅರ್ಧ ಕೂರಿಸಿದ ಹಾಗೆ ಎತ್ತಿ ಹಿಡಿಯಬೇಕು, ಎಚ್ಚರವಾಗಿರಬೇಕು, ಕೊಕ್ಕನ್ನ ತುಟಿಯ ಮೂಲೆಗೆ ತಾಗಿಸಿ ತೊಟ್ಟು ತೊಟ್ಟಾಗಿ ಬಿಡಬೇಕು, ನುಂಗಿದ ಮೇಲೆ ಇನ್ನೊಂದು. ಎರೆಯೋದಲ್ಲ, ಕುಡಿಯೋಕೆ ಬಿಡೋದು. ನಮ್ಮಕ್ಕನಿಗೆ ಆಸ್ಪತ್ರೆಯಲ್ಲಿ ಕೊಟ್ಟ ಚೀಟಿ ಪೂರಾ ತಮಿಳಿನಲ್ಲಿತ್ತು. ನಾನು ಫೋನಿನಲ್ಲಿ ಫೋಟೋ ತರಿಸಿಕೊಂಡು ಗೆಳತಿಯ ಹತ್ತಿರ ಓದಿಸಿ ಕನ್ನಡದಲ್ಲಿ ಬರೆದು ಕಳಿಸಿದೆ. ಮೊದಲ ದಿನ 9, ದಿನ ದಿನ ಏರಿಸಿ ವಾರದ ಹೊತ್ತಿಗೆ 18 ಮಿಲಿಲೀಟರ್. ಕಿಲೋಗೆ ದಿನಕ್ಕೆ 150ರ ಲೆಕ್ಕದಲ್ಲಿ 1400 ಗ್ರಾಮಿಗೆ 210, ಅದನ್ನ ಹನ್ನೆರಡು ಸಲಕ್ಕೆ ಹಂಚಿದರೆ ಹೆಚ್ಚುಕಮ್ಮಿ 18. ಅಜ್ಜಿಗೆ ಮಿಲಿಲೀಟರ್ ಬೇಡ. "ಎಲ್ಡ್ ಒಳ್ಳ" ಅಂದಳು, ಮುಗೀತು. ನಿಜಕ್ಕೂ ಒಂದು ಒಳಲೆಗೆ ಸುಮಾರು ಹತ್ತು ಮಿಲಿಲೀಟರ್ ಹಿಡಿಯುತ್ತೆ.

ಅಕ್ಕನಿಗೆ ಇನ್ನೊಂದು ಚಿಂತೆ ಇತ್ತು. ತಿಂಗಳು ತುಂಬದೇ ಹೆತ್ತವಳ ಹಾಲೂ ಬಲಿತಿರಲ್ಲ ಅಂತ ಯಾರೋ ಅಂದಿದ್ದರು. ವಾಸ್ತವ ತಿರುಗುಮುರುಗು. ಅಂಥ ತಾಯಿಯ ಹಾಲಿನಲ್ಲಿ ಮೊದಲ ವಾರಗಳಲ್ಲಿ ಪ್ರೋಟೀನ್ ಹೆಚ್ಚೇ ಇರುತ್ತೆ. ತೀರಾ ಕಡಿಮೆ ತೂಕದ ಮಕ್ಕಳಿಗೆ ಅದೂ ಸಾಲದೆ ಸುಣ್ಣದಂಶ, ರಂಜಕ, ಪ್ರೋಟೀನ್ ಬೆರೆಸಬೇಕಾಗುತ್ತೆ, ವಿಟಮಿನ್ ಡಿ, ಕಬ್ಬಿಣದ ಹನಿ ಹಾಕಬೇಕಾಗುತ್ತೆ. ಅದು ವೈದ್ಯರು ನೋಡಿ ಹೇಳೋ ಮಾತು. ಈ ಬಗೆಯ ತಿಳಿವಳಿಕೆಯನ್ನ ಕನ್ನಡದಲ್ಲಿ ತಾಯಂದಿರಿಗೇ ನೇರವಾಗಿ ಹೇಳಬೇಕು ಅಂತ ಹೊರಟವರಲ್ಲಿ ಡಾ. ಅನುಪಮಾ ನಿರಂಜನ ಮುಖ್ಯರು. ಅವರ 'ತಾಯಿ ಮಗು' ನಮ್ಮ ಊರಿನ ಮೇಷ್ಟರ ಮನೆಯಲ್ಲಿ ನಾನು ನೋಡಿದ ಏಕೈಕ ವೈದ್ಯ ಪುಸ್ತಕ. ಕನ್ನಡ ವಿಭಾಗಗಳಲ್ಲಿ ಅವರ ಕಾದಂಬರಿಗಳನ್ನ ಓದಿಸ್ತೀವಿ, ಈ ಪುಸ್ತಕಗಳನ್ನ ಸಾಹಿತ್ಯ ಅಂತ ಎಣಿಸಲ್ಲ. ಎಣಿಸಬೇಕು ಅನ್ನೋದು ನನ್ನ ಅಭಿಪ್ರಾಯ.

ಬೆಟ್ಟದ ಊರಿಗೆ ಆಸ್ಪತ್ರೆ ದೂರ. ಹಾಗಾದರೆ ಮನೆಯಲ್ಲೇ ಏನು ಸಾಧ್ಯ? ಇದಕ್ಕೆ ಉತ್ತರ ಕೊಟ್ಟಿದ್ದು ಮಹಾರಾಷ್ಟ್ರದ ಕಾಡಿನ ಜಿಲ್ಲೆ ಗಡಚಿರೋಲಿ. ಡಾ. ಅಭಯ್ ಬಂಗ್, ಡಾ. ರಾಣಿ ಬಂಗ್ ಅವರ ಸಂಸ್ಥೆ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿತು. ಬೆಚ್ಚಗಿಡೋದು, ಬೇಗ ಹಾಲು ಕೊಡೋದು, ಹೀರಲಾರದ ಮಗುವಿಗೆ ಹಿಂಡಿ ಚಮಚದಲ್ಲಿ ಕೊಡೋದು, ಸೋಂಕು ಗುರುತಿಸೋದು. 2005ರಲ್ಲಿ ಅವರು ಪ್ರಕಟಿಸಿದ ಲೆಕ್ಕದ ಪ್ರಕಾರ ಅವಧಿಪೂರ್ವ ಶಿಶುಗಳಲ್ಲಿ ಸಾವು ನೂರಕ್ಕೆ 33ರಿಂದ ಸುಮಾರು 10ಕ್ಕೆ ಇಳಿಯಿತು. ಆಶಾ ಕಾರ್ಯಕರ್ತೆಯರು ಹೆರಿಗೆಯಾದ ಮನೆಗೆ ಮೂರನೇ ದಿನ, ಏಳನೇ ದಿನ ಅಂತ ಬರ್ತಾರಲ್ಲ, ಅದರ ಬೇರು ಇಲ್ಲಿದೆ. ಇನ್ನೊಂದು ದಾರಿ ಕೊಲಂಬಿಯಾದ ಬೊಗೋಟಾದಿಂದ ಬಂತು. 1978ರ ಹೊತ್ತಿಗೆ ಅಲ್ಲಿ ಪೆಟ್ಟಿಗೆಗಳು ಸಾಲದೆ, ರೇ ಸನಾಬ್ರಿಯಾ ಮತ್ತು ಮಾರ್ಟಿನೆಸ್ ಅನ್ನುವ ವೈದ್ಯರು ಮಗುವನ್ನ ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿ ಮನೆಗೆ ಕಳಿಸೋಕೆ ಶುರು ಮಾಡಿದರು. ಅದೇ ಕಾಂಗರೂ ಆರೈಕೆ. ನಮ್ಮ ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಸರ್ಕಾರದ ಜೊತೆ ಸೇರಿ ಇದನ್ನ ಇಡೀ ಜಿಲ್ಲೆಗೆ ಹಬ್ಬಿಸುವ ಕೆಲಸ ಮಾಡಿದರು. ಭಾರತ ಮತ್ತು ಆಫ್ರಿಕಾದ ಐದು ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಕೂಡಲೇ ಎದೆಗೆ ಹಾಕಿದ ಗುಂಪಿನಲ್ಲಿ 28 ದಿನದೊಳಗಿನ ಸಾವು ನೂರಕ್ಕೆ 12, ಮೊದಲು ಪೆಟ್ಟಿಗೆಯಲ್ಲಿಟ್ಟು ಸ್ಥಿರವಾದ ಮೇಲೆ ಎದೆಗೆ ಹಾಕಿದ ಗುಂಪಿನಲ್ಲಿ 15.7. ಇಲ್ಲೂ ವ್ಯತ್ಯಾಸ ಕಾಯಿಸಿದ್ದಕ್ಕೂ ಕಾಯಿಸದೇ ಇದ್ದದ್ದಕ್ಕೂ.

ಕೊನೆಗೆ ಅಜ್ಜಿಯ ಮಾತು. ಆಸ್ಪತ್ರೆಯಿಂದ ಬಂದ ಮೇಲೆ ಒಂದು ಸಂಜೆ ನಾನು ಅವಳ ಹತ್ತಿರ ಕೂತು ಕೇಳಿದೆ. ಅವಳಿಗೆ ಇಸವಿ ಗೊತ್ತಿಲ್ಲ, 'ಬಂಗಾರದ ಮನುಷ್ಯ' ಬಂದ ವರ್ಷ ಅಂದಳು. ಅಂದರೆ 1972. ಅವಳ ಮೊದಲ ಕೂಸು ಏಳು ತಿಂಗಳಿಗೆ ಹುಟ್ಟಿತು, ಮನೆಯಲ್ಲೇ. "ಮೂರ್ ದಿನ ಮೊಲ ಕೊಡ್ನಿಲ್ಲ ಕಣ ಮೊಗ. ಸಕ್ಕರ ನೀರ ಬತ್ತೀಲಿ ನೆಕ್ಕುಸ್ತಿದ್ದೊ. ಮೂರ್ನೇ ದಿನ ಅಳದ್ನೂ ನಿಲ್ಲುಸ್ತು." ಎರಡು ವರ್ಷದ ಮೇಲೆ ಮತ್ತೆ ತಿಂಗಳು ತುಂಬುವ ಮೊದಲೇ ಹುಟ್ಟಿದ್ದು ನಮ್ಮ ದೊಡ್ಡ ಮಾವ. ಆ ಸಲ ಹೆರಿಗೆ ಮಾಡಿಸಿದ ಸೂಲಗಿತ್ತಿ ಬೇರೆಯವಳು. ಅವಳು ಯಾರ ಮಾತೂ ಕೇಳದೆ ಅವತ್ತೇ ಮೊಲೆ ಹಿಂಡಿಸಿ ಒಳಲೆಯಲ್ಲಿ ತೊಟ್ಟು ತೊಟ್ಟು ಬಿಟ್ಟಳಂತೆ, ಕೂಸನ್ನ ಅಜ್ಜಿಯ ಎದೆ ಮೇಲೇ ಮಲಗಿಸಿ ಕಂಬಳಿ ಹೊದಿಸಿದಳಂತೆ. ಅವಳಿಗೆ ಇದನ್ನ ಯಾರು ಹೇಳಿಕೊಟ್ಟರೋ ಅಜ್ಜಿಗೆ ಗೊತ್ತಿಲ್ಲ. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮಗೆಲ್ಲ ಖುಷಿಯಾಯ್ತು. ನಮ್ಮ ಊರಿನ ಈ ಹೆಂಗಸಿನ ಹೆಸರೂ ಅಜ್ಜಿಗೆ ನೆನಪಿಲ್ಲ, "ಕಾಡ ಕಡೆಯೋಳು" ಅಂತ ಮಾತ್ರ.

ಹಾಗಿದ್ರೆ ಅಕ್ಕನ ಗಿಣ್ಣು ಯಾಕೆ ಚೆಲ್ಲಿಸಿದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನನ್ನನ್ನೇ ಕೇಳಿದಳು, "ಅವತ್ತು ಕೊಟ್ಟಿದ್ರ ಮೊದಲ್ನೇದು ಉಳೀತಿತ್ತಾ?" ನಾನು ಇಷ್ಟೆಲ್ಲ ಓದಿದ ಮೇಲೂ ಅದಕ್ಕೆ ಉತ್ತರ ಹೇಳಲಿಲ್ಲ. ಒಂದು ಕಾಲಕ್ಕೆ ಸೀಮೆಯ ದೊಡ್ಡ ಡಾಕ್ಟರುಗಳೂ ಮೂರು ದಿನ ಹಾಲು ಕೊಡ್ತಿರಲಿಲ್ಲ ಅಜ್ಜೀ, ಅಂದೆ. "ಅವರೂವಾ?" ಅಂದಳು. ಹೌದು ಅಂದೆ.

ಇಷ್ಟು ನನ್ನ ಮಾತು. ಚಾಟ್‌ನಲ್ಲಿ ಎರಡು ಪ್ರಶ್ನೆ ಕಾಣ್ತಿದೆ. ಒಂದು, ಒಳಲೆ ಈಗಲೂ ಸಿಗುತ್ತಾ ಅಂತ. ಸಿಗುತ್ತೆ ಮೇಡಂ. ಪಾತ್ರೆ ಅಂಗಡಿಯಲ್ಲಿ ಸ್ಟೀಲಿನದು ಕೇಳಿ, ಒಳಗಿನ ಅಂಚು ನುಣ್ಣಗಿದೆಯಾ ಅಂತ ಬೆರಳಾಡಿಸಿ ನೋಡಿ. ಪ್ರತಿ ಸಲವೂ ನೀರಲ್ಲಿ ಕುದಿಸಬೇಕು. ಕೊಕ್ಕಿನ ಸಂದಿಯಲ್ಲಿ ಹಾಲು ಒಣಗಿ ಕೂರುತ್ತೆ, ಅಲ್ಲಿ ಉಜ್ಜಬೇಕು. ಎರಡನೆಯದು, ಆಸ್ಪತ್ರೆಯ ಚೀಟಿ ಕನ್ನಡದಲ್ಲಿ ಬರುವ ಹಾಗೆ ಏನಾದರೂ ಮಾಡಿದಿರಾ ಅಂತ. ನಾನು ಬರೆದ ಹಾಳೆಯನ್ನ ನಮ್ಮ ಊರಿನ ಗ್ರಾಮ ಆರೋಗ್ಯ ನರ್ಸ್ ತೆಗೆದುಕೊಂಡರು. ಅವರು ತಮಿಳಿನವರು. ಕನ್ನಡ ಓದೋಕೆ ಬರಲ್ಲ, ಆದರೆ ಹೆರಿಗೆಯಾದ ಮನೆಗೆ ಹೋದಾಗ ಆ ಹಾಳೆ ತೋರಿಸಿ ಅವರ ಮಕ್ಕಳ ಹತ್ತಿರ ಓದಿಸ್ತಾರೆ. ಮೊದಲ ಸಾಲಿನಲ್ಲಿ ಗಿಣ್ಣು ಅನ್ನೋ ಪದದ ಪಕ್ಕದಲ್ಲಿ ಅವರೇ ತಮಿಳು ಅಕ್ಷರದಲ್ಲಿ ಸೀಂಬಾಲ್ ಅಂತ ಬರ್ಕೊಂಡಿದಾರೆ.